ಬಿಳಿಸೆರಗು: ರೋಗಿಯ ನುಡಿ, ವೈದ್ಯರ ಪ್ರಶ್ನೆ

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲೈಂಗಿಕ ಆರೋಗ್ಯದ ಮಾತು ಆ ಹೆಸರಿನಿಂದ ಆರಂಭವಾಗುವುದು ಅಪರೂಪ. ಸೊಂಟನೋವು, ನಿಶ್ಶಕ್ತಿ ಎಂದು ತೊಡಗಿದ ಮಹಿಳೆ ಕೊನೆಗೆ ತಗ್ಗಿದ ದನಿಯಲ್ಲಿ ‘ಬಿಳಿ ಹೋಗುತ್ತದೆ’ ಎನ್ನುತ್ತಾಳೆ. ಅಕ್ಕಲಕೋಟೆಯ ಕನ್ನಡತಿ ಮರಾಠಿ ವೈದ್ಯರೆದುರು ಇದನ್ನೇ ‘ಅಂಗಾವರೂನ್ ಪಾಂಢರೆ ಜಾಣೆ’ ಎಂದು ಹೇಳಬೇಕು. ಎರಡೂ ನುಡಿಗಳು ಜನನಾಂಗವನ್ನು ಹೆಸರಿಸದೆ ಬಣ್ಣವನ್ನಷ್ಟೇ ಹೇಳುತ್ತವೆ.

ಈ ಮಸುಕು ಚಿಕಿತ್ಸೆಯನ್ನೇ ನಿರ್ಧರಿಸುತ್ತದೆ. ಪ್ರಯೋಗಾಲಯವಿಲ್ಲದೆಡೆ ಲಕ್ಷಣಾಧಾರಿತ ಪದ್ಧತಿಯೇ ಗತಿ. ಯೋನಿಸ್ರಾವಕ್ಕೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಗೊತ್ತುಪಡಿಸಿದ್ದು ಹಸಿರು ಬಣ್ಣದ ಕಿಟ್. ಆದರೆ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಗೋವೆಯಲ್ಲಿ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ದೂರಿಗೆ ಸೋಂಕಿಗಿಂತ ಮಾನಸಿಕ–ಸಾಮಾಜಿಕ ಸಂಕಟದೊಡನೆ ಹೆಚ್ಚು ನಂಟು ಕಂಡುಬಂದಿತು. ಹಾಗಾಗಿ ‘ಬಿಳಿ’ ಕೇಳಿದೊಡನೆ ಕಿಟ್ ಕೊಡುವ ವೈದ್ಯರು ಅರ್ಧವನ್ನಷ್ಟೇ ಕೇಳಿಸಿಕೊಂಡಂತೆ. ತುರಿಕೆ, ವಾಸನೆ, ಕಿಬ್ಬೊಟ್ಟೆಯ ನೋವು ಇವೆಯೇ? ಗಂಡನಿಗೆ ಉರಿಮೂತ್ರ, ಹುಣ್ಣು? ಮನೆಯಲ್ಲಿ ನಿದ್ದೆ, ನೆಮ್ಮದಿ ಹೇಗೆ?

ಇವು ಏಕಾಂತದ ಪ್ರಶ್ನೆಗಳು. ಭಾಷಾಂತರಕ್ಕೆ ಅತ್ತೆಯೋ ಶಾಲೆಗೆ ಹೋಗುವ ಮಗನೋ ನಿಂತಿದ್ದರೆ ಕೇಳಲಾಗದು. ಕನ್ನಡ ಬಲ್ಲ ಆಶಾ ಕಾರ್ಯಕರ್ತೆ ನೆರವಾಗಬಲ್ಲಳು, ಆಕೆ ಅದೇ ಓಣಿಯವಳೆಂಬ ಅಂಜಿಕೆ ಬೇರೆ. ಗಂಡನನ್ನು ಕುರಿತ ಪ್ರಶ್ನೆಯನ್ನಾದರೂ ವೈದ್ಯರು ರೋಗಿಯ ನುಡಿಯಲ್ಲೇ ಕಲಿತಿರಬೇಕು. ಅದಕ್ಕೆ ಬೇಕಾದುದು ಹತ್ತಿಪ್ಪತ್ತು ಪದಗಳು.