ಮೇಲಿನ ಪಿನ್ ಯಾಕೆ ಉದ್ದ?

ತ್ರೀ-ಪಿನ್ ಪ್ಲಗ್ಗಿನಲ್ಲಿ ಮೇಲಿನ ಪಿನ್ ಮಾತ್ರ ಉದ್ದವಾಗಿ, ದಪ್ಪವಾಗಿ ಇರುವುದೇಕೆ?

ಅದು ಅರ್ಥಿಂಗ್ ಪಿನ್. ಉದ್ದವಿರುವುದರಿಂದ ಪ್ಲಗ್ ಹಾಕುವಾಗ ಎಲ್ಲಕ್ಕಿಂತ ಮೊದಲು ಸೇರುತ್ತದೆ, ಕೀಳುವಾಗ ಕೊನೆಗೆ ಬಿಡುತ್ತದೆ. ದಪ್ಪವಿರುವುದರಿಂದ ಕರೆಂಟು ಬರುವ ಫೇಸ್ ತೂತಿಗೆ ತಪ್ಪಿಯೂ ಹೋಗದು.

ಇಸ್ತ್ರಿಪೆಟ್ಟಿಗೆಯೊಳಗೆ ಫೇಸ್ ತಂತಿಯ ಹೊದಿಕೆ ಸುಟ್ಟು, ತಂತಿ ಲೋಹದ ಮೈಗೆ ತಾಗಿತೆನ್ನಿ. ಮುಟ್ಟಿದವರಿಗೆ 230 ವೋಲ್ಟಿನ ಶಾಕ್! ಅರ್ಥಿಂಗ್ ಸರಿಯಿದ್ದರೆ, ತುಂಬಿದ ಕೆರೆಯ ನೀರು ಕೋಡಿಯಲ್ಲಿ ಹರಿದುಹೋಗುವಂತೆ ಕರೆಂಟು ಅರ್ಥಿಂಗಿನ ಹಸಿರು ತಂತಿಯಲ್ಲಿ ಹರಿಯುತ್ತದೆ. ಆ ಹರಿವಿನ ರಭಸಕ್ಕೆ ಫ್ಯೂಸ್ ಸುಟ್ಟೋ ಎಂಸಿಬಿ ಬಿದ್ದೋ ಸಂಪರ್ಕ ಕಡಿಯುತ್ತದೆ.

ಶಟರ್ ಇರುವ ಸಾಕೆಟ್ಟುಗಳಲ್ಲಿ ಕೆಳಗಿನ ತೂತುಗಳ ಮುಚ್ಚಳ ತೆರೆಯುವುದೂ ಇದೇ ಪಿನ್. ಮಕ್ಕಳು ಕಡ್ಡಿ ತೂರಿಸದಿರಲೆಂದು ಈ ಏರ್ಪಾಡು. ಮೇಲಿನ ತೂತಿಗೆ ಸ್ಕ್ರೂಡ್ರೈವರ್ ತುರುಕಿ ಎರಡು ಪಿನ್ನಿನ ಪ್ಲಗ್ ಹಾಕುವ ಅಭ್ಯಾಸವನ್ನು ದಯವಿಟ್ಟು ಬಿಡಿ, ಅಡಾಪ್ಟರ್ ಬಳಸಿ.