ಪುಟ್ಟ ಮನೆಗೂ ಬೇಕು ತೆರೆದ ಕಿಟಕಿ

ಮನೆ ಚಿಕ್ಕದಾದರೂ ಮನಸ್ಸು ದೊಡ್ಡದಿರಬೇಕು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ವೈದ್ಯನಾಗಿ ನಾನು ಅದಕ್ಕೆ ಇನ್ನೊಂದು ಮಾತು ಸೇರಿಸುತ್ತೇನೆ: ಮನೆ ಚಿಕ್ಕದಾದಷ್ಟೂ ಅದರ ಕಿಟಕಿ ತೆರೆದಿರಬೇಕು.

ಗಾಲಿಗಳ ಮೇಲಿನ ಮನೆ ಈಗ ನಮಗೆ ಅಪರಿಚಿತವೇನಲ್ಲ. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋದ ಅಪ್ಪ ಅಮ್ಮಂದಿರು ಕಾರಿನ ಹಿಂದೆ ಕಟ್ಟಿ ಎಳೆಯುವ ಟ್ರೇಲರ್‌ನಲ್ಲೋ, ಹಾಸಿಗೆ, ಒಲೆ, ಶೌಚಾಲಯ ಎಲ್ಲವೂ ಇರುವ ವ್ಯಾನಿನಲ್ಲೋ ಊರೂರು ಸುತ್ತಿ ಬರುತ್ತಾರೆ. ದೊಡ್ಡ ಮನೆಯ ಸಾಲವೇ ಬೇಡವೆಂದು 400 ಚದರ ಅಡಿಗಿಂತ ಚಿಕ್ಕದಾದ ಮನೆಗಳಲ್ಲಿ ಕಾಯಂ ಆಗಿ ನೆಲೆಸಿದವರೂ ಅಲ್ಲಿದ್ದಾರೆ. ನಮ್ಮ ನೆರೆಯ ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕಾಗಿಯೇ ಯೋಜನೆಯೊಂದನ್ನು ಪ್ರಕಟಿಸಿತು. ಇಂಥ ಪ್ರವಾಸಕ್ಕೆ ಹೊರಡುವವರು ಬಿ.ಪಿ. ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ, ವಾಂತಿ-ಭೇದಿಯ ಮಾತ್ರೆಗಳನ್ನು ತಪ್ಪದೆ ಬರೆಸಿಕೊಂಡು ಹೋಗುತ್ತಾರೆ. ಆದರೆ ಒಳಗಿನ ಗಾಳಿಯ ಬಗ್ಗೆ ಕೇಳುವವರು ಅಪರೂಪ.

ಜಾಗ ಕಡಿಮೆ, ಗಾಳಿಯೂ ಕಡಿಮೆ

ಒಂದು ಸಣ್ಣ ಲೆಕ್ಕ ಹಾಕೋಣ. 12 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಕೋಣೆಯಲ್ಲಿ 1,440 ಘನ ಅಡಿ ಗಾಳಿ ಇರುತ್ತದೆ. 14 ಅಡಿ ಉದ್ದ, 7 ಅಡಿ ಅಗಲ, 6 ಅಡಿ ಎತ್ತರದ ಟ್ರೇಲರ್‌ನಲ್ಲಿ ಇರುವುದು 588 ಘನ ಅಡಿ ಮಾತ್ರ. ಅದರಲ್ಲೂ ಬೀರು, ಹಾಸಿಗೆ, ಸಾಮಾನುಗಳು ತಮ್ಮ ಪಾಲು ತೆಗೆದುಕೊಳ್ಳುತ್ತವೆ. ಅಷ್ಟರಲ್ಲೇ ನಾಲ್ವರ ಅಡುಗೆ, ಸ್ನಾನ, ನಿದ್ರೆ ಎಲ್ಲವೂ ನಡೆಯಬೇಕು. ನಮ್ಮ ಹೆಂಚಿನ ಮನೆಗಳಲ್ಲಿ ಸಂದುಗೊಂದುಗಳಿಂದಲೇ ಗಾಳಿ ಓಡಾಡುತ್ತಿತ್ತು. ಟ್ರೇಲರ್ ಹಾಗಲ್ಲ. ಅದು ಮಳೆ, ಚಳಿ ಒಳಬರದಂತೆ ಬಿಗಿಯಾಗಿ ಮಾಡಿದ ಪೆಟ್ಟಿಗೆ. ಆದ್ದರಿಂದ ದೊಡ್ಡ ಮನೆಯಲ್ಲಿ ಗಮನಕ್ಕೇ ಬಾರದಷ್ಟು ಹೊಗೆ ಅಥವಾ ಅನಿಲ ಇಲ್ಲಿ ಅಪಾಯದ ಮಟ್ಟ ಮುಟ್ಟಬಲ್ಲದು.

2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನ್ ಒಂದರೊಳಗೆ ಇಬ್ಬರು ಸತ್ತು ಬಿದ್ದಿದ್ದರು. ವಾಹನದ ಜನರೇಟರ್‌ನಿಂದ ಹೊರಟ ಕಾರ್ಬನ್ ಮೊನಾಕ್ಸೈಡ್ ಅನಿಲ ಒಳಗೆ ನುಗ್ಗಿದ್ದೇ ಸಾವಿಗೆ ಕಾರಣವೆಂದು ತನಿಖೆಯಿಂದ ತಿಳಿದುಬಂತು.

ಬಣ್ಣವಿಲ್ಲ, ವಾಸನೆಯಿಲ್ಲ

ಪೆಟ್ರೋಲ್, ಡೀಸೆಲ್, ಗ್ಯಾಸ್, ಇದ್ದಿಲು, ಸೌದೆ ಯಾವುದೇ ಇರಲಿ, ಸಾಕಷ್ಟು ಗಾಳಿ ಸಿಗದೆ ಅರೆಬರೆ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದೂ ಇಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊತ್ತೊಯ್ಯುವುದು ಹಿಮೋಗ್ಲೋಬಿನ್. ಈ ಅನಿಲ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವಲು ಎಸೆದು ಸೀಟು ಹಿಡಿದವನ ಹಾಗೆ! ಬಾಗಿಲಲ್ಲಿ ಆಮ್ಲಜನಕ ಕಾದು ನಿಂತಿದ್ದರೂ ಅದಕ್ಕೆ ಜಾಗ ಸಿಗುವುದಿಲ್ಲ. ಮೊದಲು ಬಳಲುವುದು ಹೆಚ್ಚು ಆಮ್ಲಜನಕ ಬೇಡುವ ಮೆದುಳು ಮತ್ತು ಹೃದಯ.

ಆರಂಭದ ಲಕ್ಷಣಗಳು ತೀರಾ ಸಾಮಾನ್ಯ: ತಲೆನೋವು, ತಲೆಸುತ್ತು, ವಾಕರಿಕೆ, ಸುಸ್ತು, ಮಂಕು. ಪ್ರವಾಸದಲ್ಲಿ ಇವನ್ನು ದಾರಿಯ ಆಯಾಸ, ಬೆಟ್ಟದ ಹವೆ ಅಥವಾ ಹೊರಗಿನ ಊಟದ ತಲೆಗೆ ಕಟ್ಟುವುದು ಸುಲಭ. ಒಬ್ಬರಿಗೆ ತಲೆನೋವು ಬಂದರೆ ಅದು ಬಿಸಿಲಿನಿಂದ ಇರಬಹುದು. ಒಳಗಿದ್ದ ಎಲ್ಲರಿಗೂ ಒಟ್ಟಿಗೆ ಬಂದರೆ, ಹೊರಗೆ ಹೋದೊಡನೆ ಹಗುರವಾದರೆ, ಗಾಳಿಯನ್ನೇ ಶಂಕಿಸಬೇಕು. ಮಾತ್ರೆ ನುಂಗಿ ಮಲಗುವುದು ಅತ್ಯಂತ ಅಪಾಯಕಾರಿ. ನಿದ್ರೆಯಲ್ಲೇ ಪ್ರಜ್ಞೆ ತಪ್ಪಬಹುದು. ಗರ್ಭಿಣಿಯರು, ಹೊಟ್ಟೆಯಲ್ಲಿರುವ ಶಿಶು, ಎಳೆಯ ಮಕ್ಕಳು, ವೃದ್ಧರು, ಹೃದ್ರೋಗಿಗಳು ಮತ್ತು ರಕ್ತಹೀನತೆ ಇರುವವರಿಗೆ ಅಪಾಯ ಹೆಚ್ಚು.

ಕೊರೊನಾ ಕಾಲದಲ್ಲಿ ಅನೇಕರು ಕೊಂಡ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇಲ್ಲಿ ನಂಬಿಕೆಗೆ ಅರ್ಹವಲ್ಲ. ಕಾರ್ಬನ್ ಮೊನಾಕ್ಸೈಡ್ ಅಂಟಿದ ಹಿಮೋಗ್ಲೋಬಿನ್ ಅನ್ನೂ ಅದು ಆಮ್ಲಜನಕವಿದ್ದ ಹಿಮೋಗ್ಲೋಬಿನ್ ಎಂದೇ ಎಣಿಸಿ, ಎಲ್ಲವೂ ಸರಿಯಿದೆ ಎಂಬಂತೆ ತೋರಿಸಬಹುದು.

ಅನುಮಾನ ಬಂದೊಡನೆ ಎಲ್ಲರನ್ನೂ ಹೊರಗಿನ ಗಾಳಿಗೆ ಕರೆತಂದು ಆಂಬುಲೆನ್ಸ್ ಕರೆಯಿರಿ. ನಮ್ಮಲ್ಲಿ 108, ಅಮೆರಿಕದಲ್ಲಿ 911. ತೆರೆದ ಗಾಳಿಯಲ್ಲಿ ಈ ಅನಿಲ ರಕ್ತದಲ್ಲಿ ಅರ್ಧದಷ್ಟು ಇಳಿಯಲು 4ರಿಂದ 6 ಗಂಟೆ ಬೇಕು. ಆಸ್ಪತ್ರೆಯಲ್ಲಿ ಮಾಸ್ಕ್ ಮೂಲಕ ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದರಿಂದ ಒಂದೂವರೆ ಗಂಟೆ ಸಾಕು.

ಗೋಡೆಯಿಂದ ಬರುವ ಅನಿಲ

ಇನ್ನೊಂದು ತೊಂದರೆ ನಿಧಾನವಾದದ್ದು. 2005ರ ಆಗಸ್ಟ್‌ನಲ್ಲಿ ಕತ್ರೀನಾ ಚಂಡಮಾರುತ ಅಮೆರಿಕದ ದಕ್ಷಿಣ ಕರಾವಳಿಯನ್ನು ಹಾಳುಗೆಡವಿದಾಗ ಮನೆ ಕಳೆದುಕೊಂಡ ಸಾವಿರಾರು ಕುಟುಂಬಗಳಿಗೆ ಸರ್ಕಾರ ಟ್ರೇಲರ್‌ಗಳನ್ನು ಕೊಟ್ಟಿತು. ಕೆಲವು ದಿನಗಳ ಪ್ರವಾಸಕ್ಕೆಂದು ಮಾಡಿದ ವಾಹನಗಳಲ್ಲಿ ಜನ ವರ್ಷಗಟ್ಟಲೆ ಬಾಳಬೇಕಾಯಿತು. ಕಣ್ಣು ಉರಿ, ಮೂಗಿನಲ್ಲಿ ರಕ್ತ, ಕೆಮ್ಮು, ಉಬ್ಬಸದ ದೂರುಗಳು ಬಂದವು. ಅಲ್ಲಿನ ರೋಗ ನಿಯಂತ್ರಣ ಕೇಂದ್ರ 2007ರ ಕೊನೆ ಮತ್ತು 2008ರ ಆರಂಭದಲ್ಲಿ 519 ಮನೆಗಳನ್ನು ಪರೀಕ್ಷಿಸಿದಾಗ ಫಾರ್ಮಾಲ್ಡಿಹೈಡ್ ಅನಿಲ ನೂರು ಕೋಟಿ ಭಾಗ ಗಾಳಿಯಲ್ಲಿ ಸರಾಸರಿ 77 ಭಾಗ ಇತ್ತು. ಸಾಮಾನ್ಯ ಮನೆಗಳಲ್ಲಿ ಇರುವುದು 10ರಿಂದ 20 ಭಾಗ. ಸೆಕೆಗಾಲ ಬರುವ ಮುನ್ನ ಜನರನ್ನು ಬೇರೆಡೆಗೆ ಕಳಿಸಿ ಎಂದು ಕೇಂದ್ರ ಸಲಹೆ ಕೊಟ್ಟಿತು. ಶಾಖ ಹೆಚ್ಚಿದಷ್ಟೂ ಈ ಅನಿಲ ಹೆಚ್ಚು ಹೊಮ್ಮುತ್ತದೆ.

ಇದು ಬರುವುದು ಪ್ಲೈವುಡ್ ಮತ್ತು ಮರದ ಪುಡಿ ಒತ್ತಿ ಮಾಡಿದ ಹಲಗೆಗಳ ಅಂಟಿನಿಂದ. ದೀರ್ಘಕಾಲ ಹೆಚ್ಚಾಗಿ ಸೇವಿಸಿದರೆ ಕ್ಯಾನ್ಸರ್ ತರಬಲ್ಲದೆಂದೂ ಗೊತ್ತಾಗಿದೆ. ಇಂಥ ಹಲಗೆಗಳಿಗೆ ಮಿತಿ ವಿಧಿಸುವ ಕಾನೂನನ್ನು ಅಮೆರಿಕ 2010ರಲ್ಲಿ ಮಾಡಿತು. ಆದರೂ ಹೊಸ ವಾಹನದೊಳಗೆ ಕಾಲಿಟ್ಟೊಡನೆ ಘಾಟು ಬಡಿದು ಕಣ್ಣಲ್ಲಿ ನೀರು ಬಂದರೆ, ಕಿಟಕಿ ಬಾಗಿಲು ತೆರೆದು ಕೆಲವು ದಿನ ಗಾಳಿಯಾಡಿಸಿದ ಮೇಲೆಯೇ ಅದರಲ್ಲಿ ಮಲಗುವುದು ಲೇಸು.

ತೇವವೂ ಶತ್ರು

ಒಂದು ಕಿಲೋ ಅಡುಗೆ ಅನಿಲ ಉರಿದರೆ ಒಂದೂವರೆ ಲೀಟರ್‌ಗೂ ಹೆಚ್ಚು ನೀರು ಆವಿಯಾಗಿ ಹೊರಬರುತ್ತದೆ. ಸಾರು ಕುದಿಸಿದ ಆವಿ, ಸ್ನಾನದ ಆವಿ, ನಮ್ಮ ಉಸಿರಿನ ತೇವ ಇದರ ಮೇಲೆ. ಇವೆಲ್ಲ ತಣ್ಣನೆಯ ಗೋಡೆಯ ಮೇಲೆ ಹನಿಗಟ್ಟಿ, ಹಾಸಿಗೆಯ ಕೆಳಗೆ ಬೂಷ್ಟು ಬೆಳೆಯುತ್ತದೆ. ಉಬ್ಬಸ, ಅಲರ್ಜಿ ಇರುವವರಿಗೆ ಇದು ಆಗದು.

ಇಷ್ಟು ಮಾಡಿ

* ಮಲಗುವಾಗ ಎದುರುಬದುರಿನ ಎರಡು ಕಿಟಕಿಗಳನ್ನು ಸ್ವಲ್ಪವಾದರೂ ತೆರೆದಿಡಿ. ಗಾಳಿಗಾಗಿ ಬಿಟ್ಟಿರುವ ರಂಧ್ರಗಳನ್ನು ಚಳಿಯೆಂದು ಬಟ್ಟೆ ತುರುಕಿ ಮುಚ್ಚಬೇಡಿ.

* ಜನರೇಟರ್ ಅಥವಾ ಎಂಜಿನ್ ಓಡುತ್ತಿರುವಾಗ ಒಳಗೆ ಮಲಗಬೇಡಿ. ಪಕ್ಕದ ವಾಹನದ ಹೊಗೆಯೂ ನಿಮ್ಮ ಕಿಟಕಿಯಿಂದ ಬರಬಹುದೆಂಬುದು ನೆನಪಿರಲಿ.

* ಚಳಿ ಕಾಯಲು ಗ್ಯಾಸ್ ಒಲೆ ಹಚ್ಚಬೇಡಿ. ಕೆಂಡದ ಅಗ್ಗಿಷ್ಟಿಕೆಯನ್ನು ಒಳಗೆ ತರಲೇಬೇಡಿ. ಉರಿ ಆರಿ ಬೂದಿ ಮುಚ್ಚಿದ ಕೆಂಡವೂ ವಿಷದ ಅನಿಲ ಬಿಡುತ್ತಿರುತ್ತದೆ.

* ಅಡುಗೆ ಮಾಡುವಾಗ ಮತ್ತು ಆಮೇಲೂ ಸ್ವಲ್ಪ ಹೊತ್ತು ಹೊಗೆ ಹೊರದೂಡುವ ಫ್ಯಾನ್ ಓಡಲಿ, ಕಿಟಕಿ ತೆರೆದಿರಲಿ.

* ಕಾರ್ಬನ್ ಮೊನಾಕ್ಸೈಡ್ ಪತ್ತೆಹಚ್ಚಿ ಕೂಗುವ ಅಲಾರಂ ಇದೆಯೇ ನೋಡಿ. ಬಾಡಿಗೆಗೆ ಪಡೆದ ವಾಹನವಾದರೆ ಗುಂಡಿ ಒತ್ತಿ ಪರೀಕ್ಷಿಸಿ, ಅದರ ಅವಧಿ ಮುಗಿದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಬೆಂಕಿಯ ಹೊಗೆಗೆ ಕೂಗುವ ಅಲಾರಂ, ಗ್ಯಾಸ್ ಸೋರಿಕೆಗೆ ಕೂಗುವ ಅಲಾರಂ ಬೇರೆ. ಅವು ಈ ಕೆಲಸ ಮಾಡಲಾರವು.

ಟ್ರೇಲರ್ ಹತ್ತದವರಿಗೂ ಈ ಮಾತು ಅನ್ವಯಿಸುತ್ತದೆ. ಕಿಟಕಿಯಿಲ್ಲದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಚ್ಚಿ ಚಿಲಕ ಹಾಕಿಕೊಂಡರೆ, ಗುಡಾರದೊಳಗೆ ಇದ್ದಿಲ ಒಲೆ ಇಟ್ಟು ಮಲಗಿದರೆ ಅಪಾಯ ಅದೇ. ಒಳಗೆ ಏನಾದರೂ ಉರಿಯುತ್ತಿದೆಯೇ, ಅದರ ಹೊಗೆ ಎಲ್ಲಿಗೆ ಹೋಗುತ್ತಿದೆ, ಹೊಸ ಗಾಳಿ ಎಲ್ಲಿಂದ ಬರುತ್ತಿದೆ? ದೀಪ ಆರಿಸುವ ಮುನ್ನ ಮನೆಯ ಹಿರಿಯರೊಬ್ಬರು ಈ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ.