ಕೀಲ್ಪಾಕ್ ಸೆಖೆಗೆ ಎಂಥ ಫೋಟೋ ಪ್ರಿಂಟರ್?

ಚೆನ್ನೈನ ಕೀಲ್ಪಾಕ್ ಗಾರ್ಡನ್ ರಸ್ತೆಯ ಫ್ಲಾಟಲ್ಲೇ ಕೂತು ಒಳ್ಳೆ ಫೋಟೋ ಪ್ರಿಂಟ್ ತೆಗೀಬೇಕಾ? ಪ್ರಿಂಟರ್ ಕೊಳ್ಳುವಾಗ ಮೊದಲು ನೋಡಬೇಕಾದ್ದು ಡಿಪಿಐ ಅಲ್ಲ, ಇಂಕು.

ನಾಲ್ಕು ಬಣ್ಣದ ಆಫೀಸ್ ಪ್ರಿಂಟರ್‌ನಲ್ಲಿ ಮುಖದ ತಿಳಿಬಣ್ಣ ಚುಕ್ಕೆಚುಕ್ಕೆಯಾಗಿ ಕಾಣುತ್ತೆ. ಎಪ್ಸನ್ ಎಲ್8050ರಂಥ ಆರು ಬಣ್ಣದ ಟ್ಯಾಂಕ್ ಪ್ರಿಂಟರ್‌ನಲ್ಲಿ ಲೈಟ್ ಸಯಾನ್, ಲೈಟ್ ಮೆಜೆಂಟಾನೂ ಇರುತ್ತೆ. ಕೆನ್ನೆಯ ನೆರಳು ನಯವಾಗಿ ಬರುತ್ತೆ.

ಆದರೆ ಇದು ಡೈ ಇಂಕ್. ಹೊಳಪು ಚೆನ್ನ, ಖರ್ಚು ಕಮ್ಮಿ. ಬಿಸಿಲು, ತೇವ ಮಾತ್ರ ಆಗಿಬರಲ್ಲ. ಚೆನ್ನೈನಲ್ಲಿ ಎರಡಕ್ಕೂ ಬರ ಇಲ್ಲ! ಗೋಡೆ ಮೇಲೆ ದಶಕಗಟ್ಟಲೆ ಉಳೀಬೇಕು ಅಂದ್ರೆ ಪಿಗ್ಮೆಂಟ್ ಇಂಕ್ ಬೇಕು: ಕ್ಯಾನನ್ ಪ್ರೊ-300, ಎಪ್ಸನ್ ಪಿ700 ಅಂಥವು. ದುಬಾರಿ. ಯಾವಾಗಲೋ ಒಂದೆರಡು ಪ್ರಿಂಟ್ ಅಷ್ಟೇ ಅನ್ನೋರು ಲ್ಯಾಬಿಗೇ ಕೊಡಿ, ಬಳಸದ ಇಂಕು ನಾಝಲ್‌ನಲ್ಲೇ ಒಣಗುತ್ತೆ.

ಪೇಪರ್ ಪ್ಯಾಕೆಟ್ ಒಡೆದು ಹಾಗೇ ಬಿಡಬೇಡಿ. ನವೆಂಬರ್ ಮಳೆಗೆ ಹಾಳೆ ತೇವ ಎಳೆದು ಅಂಚು ಸುರುಟಿಕೊಳ್ಳುತ್ತೆ. ಪ್ರಿಂಟ್ ಹೆಡ್ ಅಲ್ಲೇ ಉಜ್ಜಿ ಇಂಕಿನ ಗೀರು ಬೀಳುತ್ತೆ. ಸಿಲಿಕಾ ಜೆಲ್ ಜತೆ ಜಿಪ್ ಕವರ್‌ಗೆ ಹಾಕಿಡಿ.

ಪ್ರಿಂಟ್ ಕೊಡುವಾಗ ಪೇಪರ್ ಟೈಪ್ ಸರಿಯಾಗಿ ಆರಿಸಿ. ಗ್ಲಾಸಿ ಹಾಳೆ ಹಾಕಿ 'ಪ್ಲೇನ್' ಅಂತ ಬಿಟ್ಟರೆ ಇಂಕಿನ ಅಳತೆ ತಪ್ಪಿ ಬಣ್ಣ ಕೆಡುತ್ತೆ. 8×10 ಇಂಚಿಗೆ 2400×3000 ಪಿಕ್ಸೆಲ್ ಸಾಕು. ವಾಟ್ಸಾಪ್ ಫೋಟೋ ಬೇಡ, ಮೂಲ ಫೈಲೇ ತರಿಸಿಕೊಳ್ಳಿ.

ವಾರಕ್ಕೊಮ್ಮೆ ನಾಝಲ್ ಚೆಕ್. ಅದರ ಪ್ರಿಂಟಲ್ಲಿ ಗೆರೆ ಮುರಿದಿದ್ರೆ ಮಾತ್ರ ಹೆಡ್ ಕ್ಲೀನಿಂಗ್.

ಪ್ರಿಂಟನ್ನ ಒಂದು ದಿನ ಆರೋಕೆ ಬಿಟ್ಟು ಆಮೇಲೆ ಫ್ರೇಮ್ ಹಾಕಿಸಿ. ಫೋಟೋಗೂ ಗಾಜಿಗೂ ನಡುವೆ ಮೌಂಟ್ ಬೋರ್ಡ್ ಇರಲೇಬೇಕು. ಗಾಜು ನೇರ ತಾಗಿದ್ರೆ ಈ ಊರಿನ ತೇವಕ್ಕೆ ಫೋಟೋ ಗಾಜಿಗೇ ಅಂಟಿಕೊಳ್ಳುತ್ತೆ.